ಏಳನೆಯ ಏಟು

ಒಂದು ಊರಿನ ನೆಮ್ಮದಿ ಕೆಡಲು ಯುದ್ಧವೇ ಬೇಕೆಂದಿಲ್ಲ, ನೆರೆಯೂ ಬೇಕಿಲ್ಲ. ಕುಂಗ್‌ಫು ಹಾಸ್ಯಚಿತ್ರದ ಒಂದು ಡಿಸ್ಕು ಸಾಕು. ಅದು ಸೋಮವಾರ ವಿಡಿಯೊ ಅಂಗಡಿಗೆ ಬಂತು. ಸೋಮವಾರವೇ ಕಾಣೆಯಾಯಿತು.

"ಬಂದಿಲ್ಲ ಭಾವ," ಎಂದ ಅಂಗಡಿಯವ, ಗಲ್ಲಾದ ಮೇಲೆ ಮೊಣಕೈ ಊರಿ.

"ಅಂಚೆಯವನು ನಿನ್ನ ಕೈಗೇ ಕೊಟ್ಟೆ ಅಂದ."

"ಅವನಿಗೆ ಕೆಲಸ ಜಾಸ್ತಿ. ಯಾರ ಕೈಗೆ ಏನು ಕೊಟ್ಟ ಅಂತ ಅವನಿಗೇ ನೆನಪಿರಲ್ಲ."

ಭಾವ ಎನಿಸಿಕೊಂಡವರು ಶಾಲೆಯ ಡ್ರಿಲ್ ಮೇಷ್ಟ್ರು. ಅಂಗಡಿಯವನು ಅವರ ಹೆಂಡತಿಯ ತಮ್ಮ. ಮೇಷ್ಟ್ರು ಹನ್ನೊಂದು ವರ್ಷದಿಂದ ಶಾಲೆಯ ಮಹಡಿಯಲ್ಲಿ ಕುಂಗ್‌ಫು ಕಲಿಸುತ್ತಿದ್ದರು. ಅವರಿಗೆ ಕಲಿಸಿದ್ದು ಒಂದು ಕ್ಯಾಸೆಟ್ಟು. ಟಾಕೀಸಿನಿಂದ ರೀಲು ಕಡ ತಂದು, ಪ್ರೊಜೆಕ್ಟರಿನಲ್ಲಿ ಅಂಗಡಿಯ ಗೋಡೆಯ ಮೇಲೆ ಬಿಟ್ಟು, ಎದುರಿಗೆ ವಿಡಿಯೊ ಕ್ಯಾಮೆರಾ ಇಟ್ಟು ಭಾವಮೈದುನನೇ ಅದನ್ನು ತಯಾರಿಸಿದ್ದ. ಗೋಡೆಯಲ್ಲೊಂದು ಮೊಳೆಯಿತ್ತು. ಚಿತ್ರದ ಗುರು ನಡುವೆ ಬಂದು ನಿಂತಾಗಲೆಲ್ಲ ಅದು ಸರಿಯಾಗಿ ಅವನ ಹಣೆಗೆ ಬೀಳುತ್ತಿತ್ತು. ಶಿಷ್ಯರು ಅದನ್ನೂ ಬಿಡದೆ ಹಣೆಗೆ ಮಸಿಯ ಚುಕ್ಕೆ ಇಟ್ಟುಕೊಂಡು ಬರುತ್ತಿದ್ದರು.

ಚಿತ್ರದ ಭಾಷೆ ಊರಿನಲ್ಲಿ ಯಾರಿಗೂ ಬಾರದು. ಪಾತ್ರಗಳೆಲ್ಲ ಗಿಳಿಯ ಹಾಗೆ ಕೀಚಲು ದನಿಯಲ್ಲಿ ಮಾತಾಡುವುದೇ ಅರ್ಧ ನಗೆ. ಉಳಿದರ್ಧ ಪೆಟ್ಟಿಗೆಯ ದೃಶ್ಯ: ಎಂಟು ಜನ ಉದ್ದನೆಯ ಪೆಟ್ಟಿಗೆಯೊಂದನ್ನು ಹೊತ್ತು ಗುಡ್ಡ ಹತ್ತಿ ಓಡುತ್ತಾರೆ, ಹಿಂದಿನಿಂದ ಗುರು ತೋಳಿನಲ್ಲಿ ಮುಖ ಒರೆಸಿಕೊಳ್ಳುತ್ತ, ಕೋಳಿಯಂತೆ ಪುಟಪುಟನೆ ಬರುತ್ತಾನೆ. ಅದನ್ನು ನೋಡಿ ಔಷಧಿ ಅಂಗಡಿಯವರು ಕುರ್ಚಿಯಿಂದ ಬಿದ್ದು ಕೈ ಮುರಿದುಕೊಂಡದ್ದುಂಟು. ಕ್ಯಾಸೆಟ್ಟಿನ ಬೆನ್ನಿಗೆ ಭಾವಮೈದುನ ಸ್ಕೆಚ್ ಪೆನ್ನಿನಲ್ಲಿ 'ಕಾಮಿಡಿ' ಎಂದು ಬರೆದಿದ್ದ. ಅಲ್ಲವೆಂದವರಿಲ್ಲ.

ಮೇಷ್ಟ್ರಿಗೆ ಮಾತ್ರ ಒಂದು ಕೊರಗು. ಗುರು ಒಂದೇ ಉಸಿರಿಗೆ ಏಳು ಏಟು ಹೊಡೆಯುತ್ತಿದ್ದ. ಟಿವಿಯ ಮುಂದೆ ನಿಂತು ಅವನ ಜೊತೆಜೊತೆಗೇ ಹೊಡೆಯಬೇಕು; ಅಲ್ಲಿಯ ಪಾಠವೆಂದರೆ ಅಷ್ಟೇ. ಮೊದಲ ವರ್ಷ ಮೂರು ಏಟಿಗೇ ಕೈ ಸೋಲುತ್ತಿತ್ತು. ಈಗ ಆರರವರೆಗೆ ಬಂದಿದ್ದರು. ಏಳನೆಯದಕ್ಕೆ ಕೈ ಎತ್ತುವಷ್ಟರಲ್ಲಿ ಗುರು ಆಗಲೇ ಕೂತು ಚಹಾ ಕುಡಿಯುತ್ತಿರುತ್ತಿದ್ದ.

"ಅವನಿಗೂ ಎರಡೇ ಕೈ ಇರೋದು ಕಣ್ರೋ!" ಎಂದು ಮೇಷ್ಟ್ರು ಶಿಷ್ಯರನ್ನು ಗದರುತ್ತಿದ್ದರು, ಮನೆಗೆ ಬಂದು ತಮ್ಮನ್ನೇ ಗದರಿಕೊಳ್ಳುತ್ತಿದ್ದರು.

ಈಗ ಕುತ್ತಿಗೆಗೆ ಬಂದಿತ್ತು. ದೊಡ್ಡ ಊರಿನ ಸಂಸ್ಥೆಯೊಂದು ಆ ಮಹಡಿ ತನಗೆ ಬೇಕೆಂದಿತ್ತು. ಅವರಿಗೆ ನಿಜವಾದ ಗುರುಗಳಿದ್ದರು, ಇಸ್ತ್ರಿ ಮಾಡಿದ ಸಮವಸ್ತ್ರವಿತ್ತು. ಮುಖ್ಯೋಪಾಧ್ಯಾಯಿನಿ ಎರಡೂ ಕಡೆಯವರನ್ನು ಕರೆಸಿ ತೀರ್ಪು ಕೊಟ್ಟರು: "ಭಾನುವಾರ ಆಡಿ ತೋರಿಸಿ. ಗೆದ್ದೋರಿಗೆ ಮಹಡಿ. ಸೋತೋರಿಗೆ ಚಪ್ಪಾಳೆ."

ಅದೇ ಹೊತ್ತಿಗೆ ಆ ಹಳೆಯ ಚಿತ್ರವನ್ನು ಯಾರೋ ತೊಳೆದು ಒರೆಸಿ ಡಿಸ್ಕು ಮಾಡಿದ್ದಾರೆಂಬ ಸುದ್ದಿ ಬಂತು. ಚಿತ್ರ ನಿಚ್ಚಳವಾಗಿ ಕಂಡರೆ ಏಳನೆಯ ಏಟಿನ ಗುಟ್ಟು ಸಿಕ್ಕೀತು ಎಂದು ಮೇಷ್ಟ್ರು ಭಾವಮೈದುನನ ಮೂಲಕವೇ ತರಿಸಿದ್ದರು.

"ನಿನ್ನ ತಮ್ಮ ಅದನ್ನ ಆ ಸಂಸ್ಥೆಗೆ ಮಾರಿದಾನೆ," ಎಂದರು ಮೇಷ್ಟ್ರು, ಬುಧವಾರ.

"ನನ್ನ ತಮ್ಮ ಸುಳ್ಳ ಇರಬಹುದು, ವ್ಯಾಪಾರಿ ಅಲ್ಲ," ಎಂದಳು ಹೆಂಡತಿ. "ಮಾರೋದು ಗೊತ್ತಿದ್ದಿದ್ರೆ ಇಷ್ಟೊತ್ತಿಗೆ ಮನೆ ಕಟ್ಟಿರ್ತಿದ್ದ."

ಆದರೂ ಅಂಗಡಿಗೆ ಹೋದಳು. "ಎಲ್ಲಿಟ್ಟಿದ್ದೀಯೋ?"

ತಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಭಾನುವಾರದ ತನಕ ತಡಿ ಅಕ್ಕ. ಅದನ್ನ ನೋಡಿದ್ರೆ ಭಾವ ಸೋಲ್ತಾರೆ."

"ಅವರು ಗೆಲ್ಲಬೇಕು ಅಂತಿದ್ರೆ ಕೊಡೋ!"

"ಗೆಲ್ಲಬೇಕು ಅಂತಲೇ ಕೊಡ್ತಿಲ್ಲ."

ಹೆಂಡತಿ ಇದನ್ನು ಬಂದು ಹೇಳಿದಳು. ಮೇಷ್ಟ್ರು ಭಾವಮೈದುನನ ಜೊತೆ ಮಾತು ಬಿಟ್ಟರು.

ಭಾನುವಾರ ಮೇಷ್ಟ್ರ ಕಡೆಯಿಂದ ಮೊದಲು ಕಣಕ್ಕಿಳಿದದ್ದು ದರ್ಜಿಯ ಮಗಳು. ಎದುರಾಳಿ ಕಾಲೆತ್ತಿದ. ಮುಂದೇನು ಮಾಡಲಿ ಎಂದು ಯೋಚಿಸುತ್ತಿದ್ದಂತೆ ಕಂಡ. ಅಷ್ಟರಲ್ಲಿ ಆರು ಏಟು ಬಿದ್ದಿತ್ತು. ಏಳನೆಯದು ಬೇಕಾಗಲಿಲ್ಲ.

ಐದಕ್ಕೆ ಐದೂ ಪಂದ್ಯ ಹಾಗೆಯೇ ಮುಗಿದವು. ಜನ ಕುಣಿದರು. ಮೇಷ್ಟ್ರ ಮುಖ ಮಾತ್ರ ಕೆಂಪಗಾಯಿತು. "ನಮ್ಮನ್ನ ಗೇಲಿ ಮಾಡ್ತಿದಾರೆ," ಎಂದರು ಹೆಂಡತಿಯ ಕಿವಿಯಲ್ಲಿ. "ಬೇಕಂತಲೇ ನಿಧಾನ ಆಡ್ತಿದಾರೆ."

ಆ ಕಡೆಯ ಗುರುಗಳು ಬಂದು ಕೈಮುಗಿದರು. "ನಿಮಗೆ ಕಲಿಸಿದವರು ಯಾರು?"

"ಅವರ ಮುಂದೆ ನಾವೆಲ್ಲ ಆಮೆಗಳು ಸ್ವಾಮಿ," ಎಂದರು ಮೇಷ್ಟ್ರು. ವಿನಯದ ಮಾತಲ್ಲ, ಲೆಕ್ಕದ ಮಾತು.

ಸಂಜೆ ಭಾವಮೈದುನ ತಾನಾಗಿ ಡಿಸ್ಕು ಹಿಡಿದು ಬಂದ. ಶಿಷ್ಯರೆಲ್ಲ ಮೇಷ್ಟ್ರ ಮನೆಯಲ್ಲಿ ನೆರೆದಿದ್ದರು. ಔಷಧಿ ಅಂಗಡಿಯವರು ಮುನ್ನೆಚ್ಚರಿಕೆಯಿಂದ ನೆಲದ ಮೇಲೇ ಕೂತರು.

ಗುರುವಿನ ಹಣೆಯ ಮೇಲೆ ಮೊಳೆಯಿರಲಿಲ್ಲ. ದನಿ ಬಾವಿಯಿಂದ ಬಂದಷ್ಟು ಗಂಭೀರವಾಗಿತ್ತು. ಪೆಟ್ಟಿಗೆಯ ದೃಶ್ಯ ಬಂತು. ಎಂಟು ಜನ ತಲೆ ತಗ್ಗಿಸಿ, ಒಂದೊಂದೇ ಹೆಜ್ಜೆಯಿಟ್ಟು ಗುಡ್ಡ ಹತ್ತಿದರು. ಗುರು ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಹಿಂದೆ ನಡೆದ. ಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದರು. ಕೋಣೆಯಲ್ಲಿ ಯಾರೂ ನಗಲಿಲ್ಲ. ಔಷಧಿ ಅಂಗಡಿಯವರು ಮುರಿದು ಕೂಡಿದ ಕೈಯನ್ನು ಸುಮ್ಮನೆ ಸವರಿಕೊಂಡರು.

ಎಲ್ಲರೂ ಭಾವಮೈದುನನ ಕಡೆ ತಿರುಗಿದರು.

"ಟಾಕೀಸಿನವರು ರೀಲು ಕೊಟ್ಟಿದ್ದೇ ಒಂದು ಗಂಟೆಗೆ, ಭಾವ," ಎಂದ ಅವನು. "ಚಿತ್ರ ಒಂದೂವರೆ ಗಂಟೆದು. ಪ್ರೊಜೆಕ್ಟರಿನ ವೇಗ ಸ್ವಲ್ಪ ಜಾಸ್ತಿ ಮಾಡಿದ್ದೆ."

ಮೇಷ್ಟ್ರು ಎದ್ದು, ಎಂದಿನಂತೆ ಟಿವಿಯ ಮುಂದೆ ನಿಂತರು. ಗುರು ಏಳು ಏಟು ಹೊಡೆದ. ಅಷ್ಟರಲ್ಲಿ ಮೇಷ್ಟ್ರು ಒಂಬತ್ತು ಹೊಡೆದಿದ್ದರು.