ಹಳೇ ಪೆಟ್ಟಿಗೆಯ ‘ನಿ’

ನಾಳೆ ಕೊರಟಗೆರೆಯಲ್ಲಿ ನಾಟಕ. ಬಾಡಿಗೆಗೆ ತಂದ ಹೊಸ ಹಾರ್ಮೋನಿಯಂನಲ್ಲಿ ‘ನಿ’ ಸ್ವರ ಸ್ಪಷ್ಟವಾಗಿ ನುಡಿದರೂ, ದ್ರೌಪದಿಯ ಹಾಡು ಹೇಳುತ್ತಿದ್ದ ಲೋಹಿತಾ ಆ ಸ್ವರಕ್ಕೆ ಬರುತ್ತಲೇ ಮೂರನೇ ಸಲ ಬಾಯಿ ಮುಚ್ಚಿದಳು.

“ಅಲ್ಯಾಕಮ್ಮ ನಿಲ್ಲಿಸ್ತೀಯ?” ಹಾರ್ಮೋನಿಯಂ ನುಡಿಸುತ್ತಿದ್ದ ಹಿದಾಯತುಲ್ಲಾ ಮೇಷ್ಟ್ರು ರೇಗಿದರು.

“ನಿಮ್ಮ ಹಳೇ ಹಾರ್ಮೋನಿಯಂ ಪೆಟ್ಟಿಗೆ ಅಲ್ಲಿ ಸುಮ್ಕಾಗ್ತಿತ್ತಲ್ಲ ಮೇಷ್ಟ್ರೇ. ನೀವು ಕಲಿಸ್ದಂಗೇ ಹಾಡ್ತಿವ್ನಿ.”

ಮೇಷ್ಟ್ರಿಗೆ ಆಗ ಹೊಳೆಯಿತು. ಗಂಟಲು ಕೆಟ್ಟ ಮೇಲೆ ನಾಚಿಕೆಯಿಂದ ಹಾಡುವುದನ್ನೇ ಬಿಟ್ಟು, ಪೆಟ್ಟಿಗೆ ನುಡಿಸಿಯೇ ಪಾಠ ಹೇಳಿದವರು ಅವರು. ಅದರಲ್ಲಿ ಆ ಸ್ವರ ಸತ್ತು ವರ್ಷಗಳಾಗಿದ್ದವು; ಅವರ ಕಿವಿ ಮಾತ್ರ ಅದನ್ನು ತಾನೇ ತುಂಬಿಕೊಂಡು ಕೇಳುತ್ತಿತ್ತು.

“ತಪ್ಪು ನಂದು ಕಣಮ್ಮ,” ಎಂದು ಮೇಷ್ಟ್ರು ಹಾರ್ಮೋನಿಯಂನ ತಿದಿಯಿಂದ ಕೈ ತೆಗೆದರು. ಕಣ್ಣು ಮುಚ್ಚಿ, ತಮ್ಮ ಒಡಕು ದನಿಯಲ್ಲೇ ಆ ಸ್ವರವನ್ನು ಹಿಡಿದರು. ಲೋಹಿತಾ ಈ ಸಲ ಬಾಯಿ ಮುಚ್ಚಲಿಲ್ಲ.