ಎರಡೂ ಬದಿಯಿಂದ

ನಂದಾ ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಪಾಲಿಶಿನ ಎರಡು ಡಬ್ಬಿಗಳ, ಒಂದು ಪುಟ್ಟ ಬಾಟಲಿಯ ಮೇಲಿನ ಬರಹವನ್ನು ಮತ್ತೆ ಮತ್ತೆ ಓದುತ್ತಿದ್ದಳು. ಕಟ್ಟೆಯ ಮೇಲಿದ್ದ ಅಪ್ಪ ಮಲಕಾಜಪ್ಪನಿಗೆ ತಡೆಯಲಾಗಲಿಲ್ಲ.

"ಯಾವುದಾರ ಒಂದು ಹಚ್ಚಬಾರದೇನ ಯವ್ವಾ? ತೊಳದ ಗಾಡಿ ಮ್ಯಾಲ ಮತ್ತ ಧೂಳ ಕೂಡಾಕತ್ತೈತಿ."

"ಹಂಗಲ್ಲಪ್ಪಾ. ಈ ಮೇಣ ಛಲೋ ಹೊಳಪ ಕೊಡ್ತೈತಿ, ಆದ್ರ ನಮ್ಮ ಬಿಸಲಿಗೆ ಭಾಳ ದಿನಾ ತಡಿಯೂದಿಲ್ಲ. ಈ ಬಾಟಲಿದು ಕೋಟಿಂಗ್, ವರ್ಷಗಟ್ಟಲೆ ಇರ್ತೈತಿ. ಹಚ್ಚುವಾಗ ಕೈ ತಪ್ಪಿ ಕಲೆ ಬಿತ್ತಂದ್ರ ಆ ಕಲೆನೂ ವರ್ಷಗಟ್ಟಲೆ ಇರ್ತೈತಿ." ಅವಳು ಉಳಿದ ಡಬ್ಬಿಯನ್ನು ಎತ್ತಿಕೊಂಡಳು. "ಇದು ಸೀಲಂಟ್, ಬಣ್ಣದ ಮ್ಯಾಲ ತೆಳ್ಳಗ ಪೊರಿ ಕಟ್ತೈತಿ. ಮಳಿಗಾಲ ದಾಟಿಸಿದ್ರ ಸಾಕು. ನನ್ನ ಕೈಗೆ ಇದಾ ಬರೋಬರಿ."

ಮುಧೋಳದ ಸಾಲೆಗೆ ಪಾಠ ಹೇಳಲು ಹೋಗಿಬರುವುದಕ್ಕೆಂದು ಹೋದ ವಾರವಷ್ಟೇ ಈ ಹಳೆಯ ಕುಂಕುಮ ಬಣ್ಣದ ಕಾರನ್ನು ಕೊಂಡಿದ್ದಳು. ಬನಹಟ್ಟಿಯ ಆ ಓಣಿಯಲ್ಲಿ ಕಾರಿಗೆ ನೆರಳಿರಲಿಲ್ಲ. ಬಿಸಿಲು, ಧೂಳು, ಅದರ ಮೇಲೆ ಪವರ್‌ಲೂಮುಗಳಿಂದ ಹಾರಿ ಬರುವ ಅರಳೆ. ಅವತ್ತು ಅಮಾವಾಸ್ಯೆ, ಮಗ್ಗಗಳಿಗೆ ರಜೆ. ಓಣಿ ಶಾಂತವಾಗಿತ್ತು, ಮೋಡವೂ ಕವಿದಿತ್ತು. ಮೋಡ ನಂಬಿ ನಂದಾ ಬಾನೆಟ್ಟಿನಿಂದ ಡಿಕ್ಕಿಯವರೆಗೆ ಇಡೀ ಕಾರಿಗೆ ಸ್ಪಂಜಿನಿಂದ ತೆಳ್ಳಗೆ ಹಚ್ಚುತ್ತ ಹೋದಳು. ಅದು ಮಂಜಿನಂತೆ ಬೆಳ್ಳಗಾದ ಮೇಲೆ ಒರೆಸಿದರಾಯಿತು; ಬಿಸಿಲಿಗೆ ಪೂರ್ತಿ ಒಣಗಿದರೆ ಮಾತ್ರ ಕಚ್ಚಿಕೊಳ್ಳುತ್ತದೆ.

"ಗಂಜಿನೂ ಹಿಂಗಾ ತೆಳ್ಳಗ ಹಚ್ಚತಿದ್ವಿ," ಎಂದ ಮಲಕಾಜಪ್ಪ, ಅರ್ಧ ತನಗೇ ಹೇಳಿಕೊಂಡಂತೆ. "ಇದಾ ಓಣ್ಯಾಗ."

ಕೈಮಗ್ಗದ ಕಾಲ ಅದು. ಸೀರೆಯ ಹಾಸಿನ ಉದ್ದೆಳೆಗಳನ್ನು ಓಣಿಯ ಉದ್ದಕ್ಕೂ ಬಿಗಿದು ಕಟ್ಟಿ, ನೇಯುವಾಗ ಹರಿಯಬಾರದೆಂದು ಗಂಜಿ ಹಚ್ಚುತ್ತಿದ್ದರು. ಒಂದು ಬದಿಗೆ ಮಲಕಾಜಪ್ಪ, ಇನ್ನೊಂದು ಬದಿಗೆ ತಮ್ಮ ವಿಠೋಬಾ. ಇಬ್ಬರ ಕುಂಚವೂ ಒಂದೇ ಹದದಲ್ಲಿ ಓಡಬೇಕು, ಬಿಸಿಲೇರುವ ಮೊದಲೇ ಮುಗಿಯಬೇಕು. ಇಲ್ಲವಾದರೆ ಎಳೆಗೆ ಎಳೆ ಅಂಟಿಕೊಂಡು ಹಾಸೇ ಹಾಳು. ಅಣ್ಣ ಯಾವಾಗ ಹೆಜ್ಜೆ ಎತ್ತುತ್ತಾನೆಂಬುದು ತಮ್ಮನಿಗೆ ನೋಡದೆಯೇ ಗೊತ್ತಾಗುತ್ತಿತ್ತು. ನಂದಾಳ ತಾಯಿ ಶೇವಂತಿ ಚಹಾ ತಂದು, ಇಬ್ಬರೂ ಓಣಿಯ ಆ ತುದಿ ಮುಟ್ಟಿ ತಿರುಗಲಿ ಎಂದು ಕಾಯುತ್ತಿದ್ದಳು.

ಆಮೇಲೆ ವಿಠೋಬಾ ಪವರ್‌ಲೂಮ್ ತರೋಣ ಎಂದ. ಮಲಕಾಜಪ್ಪ ಬೇಡ ಎಂದ. ಮಾತಿಗೆ ಮಾತು ಬೆಳೆದು, "ನಿನ್ನ ಮಗ್ಗ ಒಲಿಗೆ ಹಾಕ್ಕೋ," ಎಂದುಬಿಟ್ಟ ತಮ್ಮ. ಮನೆ ಒಡೆದು ಅಂಗಳದ ನಡುವೆ ಗೋಡೆ ಎದ್ದಿತು. ಶೇವಂತಿ ತೀರಿಕೊಂಡ ದಿನ ವಿಠೋಬಾ ಬಂದು ಹೆಗಲು ಕೊಟ್ಟ, ಅಣ್ಣನ ಮುಖ ನೋಡದೆ ಹೋದ. ಅಲ್ಲಿಂದ ಇಲ್ಲಿಯವರೆಗೆ ಒಂದು ಮಾತಿಲ್ಲ.

ಇದ್ದಕ್ಕಿದ್ದಂತೆ ಮೋಡ ಸರಿಯಿತು. ಏಪ್ರಿಲ್ ಬಿಸಿಲು ಕಾರಿನ ಮೇಲೆ ಬಿತ್ತು, ಜೊತೆಗೆ ಬಿಸಿ ಗಾಳಿ. ನಂದಾ ಅರಿವೆ ತೆಗೆದುಕೊಂಡು ಬಾನೆಟ್ಟು ಒರೆಸತೊಡಗಿದಳು. ಬಿಳಿಯ ಪೊರೆ ಬಿಡಲಿಲ್ಲ, ಗೆರೆಗೆರೆಯಾಗಿ ನಿಂತಿತು.

"ಅಪ್ಪಾ, ಇದು ಕಚ್ಕೊಳ್ಳಾಕತ್ತೈತಿ!"

ಮಲಕಾಜಪ್ಪ ಎದ್ದು ಬಂದು ತಾನೂ ಒಂದು ಅರಿವೆ ಹಿಡಿದ. ಒಂದು ಬದಿ ಒರೆಸುವಷ್ಟರಲ್ಲಿ ಇನ್ನೊಂದು ಬದಿ ಒಣಗುತ್ತಿತ್ತು. ಆತ ಕೈ ನಿಲ್ಲಿಸಿದ. ಉಸಿರು ಎಳೆದುಕೊಂಡ. ಗೋಡೆಯ ಕಡೆ ತಿರುಗಿ, ಎದೆಯೊಳಗಿನಿಂದ ಕೂಗಿದ:

"ವಿಠೂ! ಬಿಸಲ ಬಂತೋ! ಗಂಜಿ ಒಣಗಾಕತ್ತೈತಿ!"

ಆ ಹೆಸರು ಅಪ್ಪನ ಬಾಯಲ್ಲಿ ಬಂದದ್ದನ್ನು ನಂದಾ ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ಗೋಡೆಯಾಚೆ ಏನೋ ಪಾತ್ರೆ ಉರುಳಿದ ಸಪ್ಪಳ. ಅಗಳಿ ತೆಗೆದ ಸಪ್ಪಳ. ವಿಠೋಬಾ ಓಣಿಗೆ ಓಡಿ ಬಂದ. ಬನಿಯನ್ನಿನಲ್ಲಿದ್ದ, ಗಡ್ಡ ಅರ್ಧ ಹೆರೆದಿದ್ದ, ಇನ್ನೊಂದು ಗಲ್ಲದ ಮೇಲೆ ಸಾಬೂನಿನ ನೊರೆ. ಕಾರನ್ನು ನೋಡಿದ, ಅಣ್ಣನನ್ನು ನೋಡಿದ. ನಂದಾಳ ಕೈಯಿಂದ ಅರಿವೆ ಕಸಿದುಕೊಂಡು ಕಾರಿನ ಆ ಬದಿಗೆ ಹೋಗಿ ನಿಂತ.

"ಎಲ್ಲಿಂದ?"

"ಮ್ಯಾಲಿಂದ."

"ತಿಕ್ಕಬ್ಯಾಡ್ರಿ ಕಾಕಾ, ಗೀರ ಬೀಳ್ತಾವು," ಎನ್ನುತ್ತ ನಂದಾ ಬಕೀಟಿನಲ್ಲಿ ಅರಿವೆಗಳನ್ನು ಅದ್ದಿ ಹಿಂಡಿ ಇಬ್ಬರಿಗೂ ಕೊಡುತ್ತ ಓಡಾಡಿದಳು. "ಮೊದಲ ಹಸಿ ಅರಿವಿಲೆ ನೆನಸ್ರಿ, ಆಮ್ಯಾಲ ಒಣಾ ಅರಿವಿಲೆ ಒರಸ್ರಿ."

ಇಬ್ಬರೂ ಟಾಪಿನಿಂದ ಕೆಳಗೆ ಒರೆಸುತ್ತ ಬಂದರು. ಎರಡೂ ಬದಿಯಿಂದ, ಒಂದೇ ಹದದಲ್ಲಿ. ಒಬ್ಬ ಮುಂದಿನ ಬಾಗಿಲಿಗೆ ಬಂದಾಗ ಇನ್ನೊಬ್ಬನೂ ಮುಂದಿನ ಬಾಗಿಲಿಗೆ ಬಂದಿರುತ್ತಿದ್ದ. ಡಿಕ್ಕಿ ಮುಗಿಸಿ ಇಬ್ಬರೂ ಒಟ್ಟಿಗೇ ಸೊಂಟ ನೆಟ್ಟಗೆ ಮಾಡಿಕೊಂಡರು. ಕುಂಕುಮ ಬಣ್ಣ ಹೊಸದಾಗಿ ಹೊಳೆಯುತ್ತಿತ್ತು. ಹಿಂದಿನ ಬಾಗಿಲ ಮೂಲೆಯಲ್ಲಿ ಮಾತ್ರ ಅಂಗೈಯಗಲ ಬಿಳಿ ಕಲೆ ಉಳಿದಿತ್ತು.

"ನಿನ್ನ ಗಲ್ಲದ ಮ್ಯಾಲಿಂದೂ ಒಣಗೈತಿ ನೋಡು," ಎಂದ ಮಲಕಾಜಪ್ಪ.

ವಿಠೋಬಾ ಗಲ್ಲ ಮುಟ್ಟಿಕೊಂಡ. ನಕ್ಕನೋ ಕೆಮ್ಮಿದನೋ ತಿಳಿಯಲಿಲ್ಲ. ಅರಿವೆಯನ್ನು ಮುಖಕ್ಕೆ ಒತ್ತಿಕೊಂಡ. ನಂದಾ ಬಕೀಟಿನ ನೀರು ಚೆಲ್ಲುವ ನೆವ ಮಾಡಿಕೊಂಡು ಅತ್ತ ತಿರುಗಿದಳು.

ಆಮೇಲೆ ಆತ ಅರಿವೆಯನ್ನು ಕಟ್ಟೆಯ ಮೇಲೆ ನೀಟಾಗಿ ಮಡಚಿಟ್ಟು ತನ್ನ ಬಾಗಿಲಿನತ್ತ ನಡೆದ. ಹೊಸ್ತಿಲಲ್ಲಿ ನಿಂತು, ಅಣ್ಣನನ್ನು ನೋಡದೆ, ನಂದಾಳನ್ನು ಕೇಳಿದ:

"ನಾಳಿಗೂ ಏನರ ಹಚ್ಚೂದೈತೇನ ಯವ್ವಾ?"

ಇಲ್ಲ ಎನ್ನಲು ನಂದಾ ಬಾಯಿ ತೆರೆಯುವಷ್ಟರಲ್ಲಿ ಮಲಕಾಜಪ್ಪ ಹೇಳಿಬಿಟ್ಟ:

"ಐತಿ."