ಪೋಷಕರ ಮೊಹರು

ವೇದವಲ್ಲಿಯ ಕೈಯಲ್ಲಿದ್ದ ಮೊಹರು ಫಾರಂ ಮೇಲೆ ಬಂದು ಮತ್ತೆ ನಿಂತಿತು. ಜಪಾನಿನಲ್ಲಿ ಸಹಿಯ ಬದಲು ಮೊಹರು; ಅದು ಬೀಳದೆ ಮಗಳ ಯೂನಿವರ್ಸಿಟಿ ಫಾರಂ ತೆಗೆದುಕೊಳ್ಳುವುದಿಲ್ಲ. ಮುಖ್ಯ ವಿಷಯದ ಜಾಗದಲ್ಲಿ ಹರ್ಷಿಣಿ ಅಪರಾಧ ಮತ್ತು ನ್ಯಾಯ ಎಂದು ತುಂಬಿದ್ದಳು.

"ಕಳ್ಳರು, ಪೊಲೀಸರು... ಆ ಸಹವಾಸ ನಿನಗ್ಯಾಕೆ ಪುಟ್ಟಿ?"

"ಜಲಜಾ ಆಂಟಿ ಸೈಕಲ್ ನೆನಪಿದ್ಯಾ ಅಮ್ಮ?"

ಗೆಳತಿ ಜಲಜಾ ಬೆಂಗಳೂರಿಗೆ ಮರಳುವಾಗ ಕೊಟ್ಟುಹೋದ ಸೈಕಲ್ ಅದು. ಪೊಲೀಸರ ಬಳಿ ಅವಳ ಹೆಸರಿನಲ್ಲಿದ್ದ ಸೈಕಲ್ ನೋಂದಣಿ ಬದಲಿಸಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಇಚಿಕಾವಾ ರೈಲು ಸ್ಟೇಷನ್ ಎದುರು ಪೊಲೀಸರು ತಡೆದಾಗ ಭಾಷೆ ಬಾರದ ವೇದವಲ್ಲಿ ಸುಮಿಮಾಸೆನ್, ಕ್ಷಮಿಸಿ, ಎಂದಷ್ಟೇ ಎನ್ನುತ್ತ ನಕ್ಕಿದ್ದಳು. ಅವರ ಜಪಾನಿ ಮಾತನ್ನು ಕನ್ನಡಕ್ಕೆ ತಂದವಳು ಎಂಟು ವರ್ಷದ ಹರ್ಷಿಣಿ.

"ಅಡ್ರೆಸ್ ಕೇಳ್ತಿದಾರೆ ಅಂತ ಸುಳ್ಳು ಹೇಳಿದ್ದೆ. ನಿಮ್ಮಮ್ಮ ಇದನ್ನ ಕದ್ದಿದ್ದಾ ಅಂತ ಕೇಳ್ತಿದ್ರು. ಮೂರು ಸಲ. ನೀನು ನಗ್ತಾನೇ ಇದ್ದೆ."

ವೇದವಲ್ಲಿ ಮೊಹರನ್ನು ಇನ್ನೊಮ್ಮೆ ಕೆಂಪು ಶಾಯಿಗೆ ತಾಗಿಸಿ, ಎರಡೂ ಕೈ ಊರಿ ಒತ್ತಿದಳು.